ದುಖಾನ್ ದಾರಿಯಲ್ಲಿ ಪೆಟ್ರೋಲಿಗೆ ಬಂದ ಬರ

ದೋಹಾದಿಂದ ಪಶ್ಚಿಮಕ್ಕೆ ಸುಮಾರು ಎಂಬತ್ತು ಕಿಲೋಮೀಟರ್ ಹೋದರೆ ದುಖಾನ್. ಕತಾರಿನ ನೆಲದಲ್ಲಿ ಮೊತ್ತಮೊದಲು ಎಣ್ಣೆ ಸಿಕ್ಕ ಊರು. 2004ರ ಜನವರಿಯ ಒಂದು ಶುಕ್ರವಾರ ಅದೇ ರಸ್ತೆಯಲ್ಲಿ, ಶಹಾನಿಯಾ ದಾಟಿ ತುಸು ಮುಂದೆ, ನಾವು ಕೂತಿದ್ದ ಗಾಡಿ ಪೆಟ್ರೋಲ್ ಸಿಗದೆ ನಿಂತುಬಿಟ್ಟಿತು. ಟ್ಯಾಂಕ್ ಖಾಲಿಯಾಗಿತ್ತು ಅಂದುಕೊಳ್ಳಬೇಡಿ. ಮುಕ್ಕಾಲು ಟ್ಯಾಂಕ್ ಪೆಟ್ರೋಲ್ ಇತ್ತು!

ಗಾಡಿ ನನ್ನದಲ್ಲ, ಗೆಳೆಯರೊಬ್ಬರದ್ದು. 1986ರ ಲ್ಯಾಂಡ್ ಕ್ರೂಸರ್, ಎಫ್‌ಜೆ60 ಅನ್ನುವ ಮಾಡೆಲ್. ಆರು ಸಿಲಿಂಡರಿನ, ನಾಲ್ಕೂ ಚಿಲ್ಲರೆ ಲೀಟರಿನ ಕಾರ್ಬ್ಯುರೇಟರ್ ಇಂಜಿನ್. ಹೊಗೆ ಬಿಡುತ್ತಿದೆ, ಆಯಿಲ್ ಕುಡಿಯುತ್ತಿದೆ ಎಂದು ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿಗೆ ಬಿಟ್ಟಿದ್ದರು. ಇಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಹಾಕಿಸುವಷ್ಟರಲ್ಲಿ, ಬಿಡಿಭಾಗಗಳಿಗೆ ಕಾಯುತ್ತ, ಐದು ತಿಂಗಳು ಗಾಡಿ ಅಂಗಳದಲ್ಲೇ ಬಿದ್ದಿತ್ತು. ಕೊನೆಗೂ ಸಿಕ್ಕಿದ ಖುಷಿಗೆ ಎರಡು ಸಂಸಾರ ಸೇರಿ ದುಖಾನಿನ ಸಮುದ್ರತೀರಕ್ಕೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಡಬ್ಬಿ, ಮೊಸರನ್ನದ ಡಬ್ಬಿ, ಮೂರು ಮಕ್ಕಳು.

ಅರ್ಧ ಗಂಟೆ ಚೆನ್ನಾಗಿ ಓಡಿದ ಇಂಜಿನ್ ಒಮ್ಮೆ ಮುಗ್ಗರಿಸಿತು, ಕೆಮ್ಮಿತು, ಸುಮ್ಮನಾಯಿತು. ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಯಿತು. ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ಮತ್ತೆ ಅದೇ ಕೆಮ್ಮು. ಚಿತ್ರಾನ್ನವನ್ನು ರಸ್ತೆ ಬದಿಯಲ್ಲೇ ತಿಂದು, ಮೂರು ಸಲ ನಿಂತು ಮನೆ ಸೇರಿದೆವು.

ಮರುದಿನ ಗ್ಯಾರೇಜಿನಲ್ಲಿ ನಡೆದದ್ದನ್ನು ಊಹಿಸುವುದು ಕಷ್ಟವಲ್ಲ. ಇಷ್ಟು ದುಡ್ಡು ಸುರಿದು ಇಂಜಿನ್ ಕಟ್ಟಿಸಿದ ಮೇಲೆ ಗಾಡಿ ನಿಂತರೆ ತಪ್ಪು ಯಾರದ್ದು? ಇಂಜಿನ್ ಕಟ್ಟಿದವನದ್ದು! ಕಟ್ಟಿದವನು ಬೈಂದೂರಿನ ಕಡೆಯ ಇಪ್ಪತ್ಮೂರು ವರ್ಷದ ಹುಡುಗ. ಮತ್ತೆ ಇಂಜಿನ್ ಬಿಚ್ಚಬೇಕು, ಆ ಖರ್ಚು ಅವನ ಸಂಬಳದಲ್ಲಿ ಹಿಡಿಯಬೇಕು ಎಂದು ಮಾಲೀಕ ನಮ್ಮೆದುರೇ ತೀರ್ಪು ಕೊಟ್ಟ. ಹುಡುಗ ತುಟಿ ಬಿಚ್ಚಲಿಲ್ಲ. ನನಗೆ ಅದು ಸರಿಕಾಣಲಿಲ್ಲ. ಅಲ್ಲೇ ನಾಲ್ಕು ಬೀದಿ ಆಚೆ ಕೆಲಸ ಮಾಡುತ್ತಿದ್ದ ಕುಂದಾಪುರದ ಹಿರಿಯ ಮೆಕ್ಯಾನಿಕ್ ಒಬ್ಬರ ಪರಿಚಯವಿತ್ತು. ಎಪ್ಪತ್ತರ ದಶಕದಲ್ಲಿ ದೋಹಾಕ್ಕೆ ಬಂದವರು, ಎಲ್ಲರ ಬಾಯಲ್ಲಿ ‘ಉಸ್ತಾದ್’. ಅವರನ್ನು ಕರೆದುಕೊಂಡು ಬಂದೆ.

ಆ ಸಂಜೆ ಉಸ್ತಾದರು ಮಾಡಿದ ಪರೀಕ್ಷೆ ನೋಡಿದ ಮೇಲೆಯೇ ನನಗೆ ಈ ವಿಷಯದ ಹುಚ್ಚು ಹಿಡಿದದ್ದು. ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಹೋಗುವ ಆ ಐದಾರು ಅಡಿ ದಾರಿಗೆ ಒಂದು ದೊಡ್ಡ ಚರಿತ್ರೆಯೇ ಇದೆ. ಆಮೇಲೆ ಹುಡುಕಿ ಓದಿದ್ದನ್ನೂ ಅವರು ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಈ ದಾರಿ ಕಟ್ಟಿಕೊಂಡ ಮೊದಲ ಪ್ರಸಂಗವೇ ಪ್ರಸಿದ್ಧವಾದದ್ದು. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಎಂಬ ಹೆಣ್ಣುಮಗಳು ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನು ಮಾಡಿದ ಮೂರು ಚಕ್ರದ ಗಾಡಿಯಲ್ಲಿ ಮ್ಯಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಪೆಟ್ರೋಲ್ ಬಂಕ್ ಎಂಬುದು ಹುಟ್ಟಿಯೇ ಇರಲಿಲ್ಲ. ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಕೊಂಡು ಸುರಿದಳು. ನಡುವೆ ಇಂಧನದ ಕೊಳವೆ ಕಟ್ಟಿಕೊಂಡಾಗ ಟೊಪ್ಪಿಗೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಅದನ್ನು ಬಿಡಿಸಿದಳಂತೆ. ನಮ್ಮೂರ ಮೆಕ್ಯಾನಿಕ್‌ಗಳು ಸೈಕಲ್ ಬ್ರೇಕ್ ವಯರಿನ ಒಂದೆಳೆ ಬಿಡಿಸಿ ಸ್ಕೂಟರಿನ ಜೆಟ್ ಚುಚ್ಚುವುದನ್ನು ನೋಡಿದವರಿಗೆ ಇದೇನು ಹೊಸದಲ್ಲ. ಅಂದ ಹಾಗೆ, ಹಾಗೆ ಚುಚ್ಚಬಾರದು. ಜೆಟ್ಟಿನ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಗಾಳಿ ಊದಬೇಕು.

ಪೆಟ್ರೋಲನ್ನು ಮೇಲಿನಿಂದ ಕೆಳಗೆ ಹರಿಸುವುದೇ ಆರಂಭದ ಉಪಾಯವಾಗಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಟ್ಯಾಂಕ್ ಡ್ರೈವರನ ಸೀಟಿನ ಅಡಿಗಿತ್ತು. ಪಂಪ್ ಇಲ್ಲ, ಕಾಯಿಲೆಯೂ ಇಲ್ಲ. ಆದರೆ ಕಡಿದಾದ ಏರು ಬಂದರೆ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದರೆ, ಕಾರ್ಬ್ಯುರೇಟರೇ ಟ್ಯಾಂಕಿಗಿಂತ ಮೇಲಾಗಿ ಇಂಜಿನ್ ನಿಲ್ಲುತ್ತಿತ್ತು. ಅದಕ್ಕೆ ಜನ ಕಂಡುಕೊಂಡ ಮದ್ದು ಕಾರನ್ನು ತಿರುಗಿಸಿ ರಿವರ್ಸ್‌ನಲ್ಲಿ ಗುಡ್ಡ ಹತ್ತಿಸುವುದು! ಆಗುಂಬೆ ಘಾಟಿಯ ತಿರುವುಗಳನ್ನು ಹಾಗೆ ಹತ್ತುವುದನ್ನು ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. ಆಮೇಲೆ ಇಂಜಿನ್ನಿನ ಎಳೆತದಿಂದಲೇ ಪೆಟ್ರೋಲನ್ನು ಒಂದು ಪುಟ್ಟ ಡಬ್ಬಿಗೆ ಹೀರುವ ವ್ಯಾಕ್ಯೂಮ್ ಟ್ಯಾಂಕುಗಳು ಬಂದವು. ಉದ್ದದ ಏರಿನಲ್ಲಿ ಪೆಡಲನ್ನು ಪೂರ್ತಿ ಒತ್ತಿ ಹಿಡಿದರೆ ಎಳೆತವೇ ಇಲ್ಲವಾಗಿ ಡಬ್ಬಿ ಬರಿದಾಗುತ್ತಿತ್ತು. ನಡುನಡುವೆ ಕಾಲು ಸಡಿಲಿಸಿ ಇಂಜಿನ್ನಿಗೆ ಒಂದು ಗುಟುಕು ಕುಡಿಸುವುದನ್ನು ಡ್ರೈವರುಗಳು ಕಲಿತುಕೊಂಡರು. ಇಪ್ಪತ್ತರ ದಶಕದ ಕೊನೆಗೆ ಡಯಾಫ್ರಾಮ್ ಪಂಪ್ ಬಂದು ಈ ತಾಪತ್ರಯ ತಪ್ಪಿತು. ಇಂಜಿನ್ನಿನ ಕ್ಯಾಮ್ ಶಾಫ್ಟ್ ಒಂದು ಸನ್ನೆಯನ್ನು ಕುಟ್ಟುತ್ತದೆ, ಸನ್ನೆ ಒಂದು ಪೊರೆಯನ್ನು ಎಳೆದು ಬಿಡುತ್ತದೆ. ನಮ್ಮ ಗೆಳೆಯರ ಗಾಡಿಯಲ್ಲಿದ್ದದ್ದೂ ಅದೇ ಪಂಪು.

ಉಸ್ತಾದರು ಬಂದವರೇ ಇಂಜಿನ್ ಕಡೆ ನೋಡಲೇ ಇಲ್ಲ. ಹುಡುಗನನ್ನು ಕರೆದು ಮೂರು ಪ್ರಶ್ನೆ ಕೇಳಿದರು. ನಿಂತಾಗ ಒಮ್ಮೆಲೇ ನಿಂತಿತೋ, ಕೆಮ್ಮಿ ನಿಂತಿತೋ? ಕಾದು ಸ್ಟಾರ್ಟ್ ಮಾಡಿದರೆ ಹೊಗೆ ಬಂತೋ? ಗಾಡಿ ಎಷ್ಟು ದಿನ ಓಡದೆ ನಿಂತಿತ್ತು? ಬೆಂಕಿ ಕೈಕೊಟ್ಟರೆ, ಅಂದರೆ ಸ್ಪಾರ್ಕ್ ಹೋದರೆ, ಇಂಜಿನ್ ಸಾಮಾನ್ಯವಾಗಿ ಸ್ವಿಚ್ ಆರಿಸಿದ ಹಾಗೆ ನಿಲ್ಲುತ್ತದೆ. ಪೆಟ್ರೋಲ್ ಕೈಕೊಟ್ಟರೆ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದದ್ದು ಮುಗಿಯುವವರೆಗೆ ಮುಗ್ಗರಿಸುತ್ತ ಸಾಯುತ್ತದೆ. “ಇಂಜಿನಿಗೆ ಎಂತದ್ದೂ ಆಯ್ಲಿಲ್ಲ ಮಾರಾಯ್ರೆ. ಅದ್ಕೆ ಉಂಬುಕೇ ಸಿಕ್ತಿಲ್ಲ,” ಅಂದರು.

ಉಣ್ಣಲು ಸಿಗದಿರುವುದಕ್ಕೂ ಅಜೀರ್ಣಕ್ಕೂ ವ್ಯತ್ಯಾಸ ತಿಳಿಯಬೇಕು. ಎರಡರಲ್ಲೂ ಇಂಜಿನ್ ಮುಗ್ಗರಿಸುತ್ತದೆ. ಇದನ್ನು ಸರಿಯಾಗಿ ಓದಿದ ಇನ್ನೊಬ್ಬ ಹೆಣ್ಣುಮಗಳಿದ್ದಾಳೆ. ಎರಡನೇ ಮಹಾಯುದ್ಧದ ಆರಂಭದಲ್ಲಿ ಬ್ರಿಟಿಷರ ಸ್ಪಿಟ್‌ಫೈರ್ ವಿಮಾನಗಳು ಶತ್ರುವಿನ ಬೆನ್ನಟ್ಟಿ ಥಟ್ಟನೆ ಮೂತಿ ಕೆಳಗೆ ಮಾಡಿದರೆ ಇಂಜಿನ್ ಕೆಮ್ಮುತ್ತಿತ್ತು. ಜರ್ಮನ್ ವಿಮಾನಗಳಿಗೆ ಫ್ಯುಯೆಲ್ ಇಂಜೆಕ್ಷನ್ ಇದ್ದುದರಿಂದ ಆ ಕಾಟವಿರಲಿಲ್ಲ. ಬ್ರಿಟಿಷ್ ಇಂಜಿನ್ನಿನ ಮೊದಲ ಕ್ಷಣದ ಕೆಮ್ಮು ಬರದಿಂದ, ಅದರ ಹಿಂದೆಯೇ ಬರುವ ನಿಜವಾದ ಅಪಾಯ ನೆರೆಯಿಂದ! ಕಾರ್ಬ್ಯುರೇಟರಿನ ಫ್ಲೋಟ್ ದಾರಿ ತಪ್ಪಿ, ಪಂಪು ಒತ್ತಿದ ಇಂಧನವೆಲ್ಲ ಒಳನುಗ್ಗಿ ಇಂಜಿನ್ ಮುಳುಗುತ್ತಿತ್ತು. ಫಾರ್ನ್‌ಬರೋದ ಸಂಶೋಧನಾ ಕೇಂದ್ರದಲ್ಲಿದ್ದ ಇಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್, ಇಂಜಿನ್ನಿಗೆ ಬೇಕಾದಷ್ಟೇ ಇಂಧನ ಹಾಯುವಂತೆ ಅಳೆದು ತೂತು ಕೊರೆದ ಒಂದು ಪುಟ್ಟ ಲೋಹದ ತುಂಡನ್ನು ಆ ದಾರಿಯಲ್ಲಿ ಕೂರಿಸುವ ಉಪಾಯ ಹೇಳಿದಳು. 1941ರಲ್ಲಿ ತಾನೇ ತಂಡ ಕಟ್ಟಿಕೊಂಡು ಮೋಟರ್ ಸೈಕಲ್ಲಿನಲ್ಲಿ ವಿಮಾನ ನಿಲ್ದಾಣಗಳನ್ನು ಸುತ್ತಿ ಹಾಕಿಸಿದಳು. ಇಂಜಿನ್ ಬಿಚ್ಚಬೇಕಾಗಲಿಲ್ಲ.

ನಮ್ಮ ಗಾಡಿಗೆ ನೆರೆ ಬಂದಿರಲಿಲ್ಲ. ಕಪ್ಪು ಹೊಗೆಯಿಲ್ಲ, ಪ್ಲಗ್ ಒದ್ದೆಯಿಲ್ಲ. ಬರವೇ. ಆದರೆ ಬರಕ್ಕೆ ಕಾರಣ?

ಗೆಳೆಯರ ಅನುಮಾನ ಸೆಕೆಯ ಮೇಲಿತ್ತು. ಕೊಲ್ಲಿಯಲ್ಲಿ ಗಾಡಿ ನಿಂತರೆ ಎಲ್ಲರೂ ಮೊದಲು ದೂರುವುದು ಸೆಕೆಯನ್ನೇ. ಅದು ಸುಳ್ಳೂ ಅಲ್ಲ. ಪೆಟ್ರೋಲ್ ಎಂಬುದು ಒಂದೇ ದ್ರವವಲ್ಲ, ಹಲವು ದ್ರವಗಳ ಮಿಶ್ರಣ. ಅದರಲ್ಲಿ ಹಗುರವಾದವು ನಲವತ್ತು ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಪಂಪು ಹೀರುವ ಕಡೆ ಒತ್ತಡ ಕಡಿಮೆಯಾದ್ದರಿಂದ ಇನ್ನೂ ಬೇಗ. ಕೊಳವೆಯಲ್ಲಿ ಆವಿಯ ಗುಳ್ಳೆ ಕೂತರೆ ಪಂಪು ಆ ಗುಳ್ಳೆಯನ್ನೇ ಹಿಗ್ಗಿಸಿ ಕುಗ್ಗಿಸುತ್ತ ಕೂರುತ್ತದೆ, ಪೆಟ್ರೋಲ್ ಮುಂದೆ ಬರುವುದಿಲ್ಲ. ಇದೇ ವೇಪರ್ ಲಾಕ್. ಶಿರಾಡಿ ಘಾಟಿಯಲ್ಲಿ ಬಾನೆಟ್ ತೆರೆದು ನಿಂತ ಕಾರುಗಳನ್ನೂ, ಪಂಪಿನ ಮೇಲೆ ಒದ್ದೆ ಬೈರಾಸು ಹಾಕಿ ಬೀಡಿ ಸೇದುತ್ತಿದ್ದ ಡ್ರೈವರುಗಳನ್ನೂ ನಮ್ಮ ತಲೆಮಾರಿನವರು ಕಂಡಿದ್ದೇವೆ. ಟೊಯೊಟಾದವರು ಇದೇ ಮಾಡೆಲಿನ ಕೆಲವು ಗಾಡಿಗಳಿಗೆ, ಇಂಜಿನ್ ಆರಿಸಿದ ಮೇಲೂ ಕಾರ್ಬ್ಯುರೇಟರಿಗೆ ಗಾಳಿ ಬೀಸುವ ಪುಟ್ಟ ಫ್ಯಾನ್ ಇಟ್ಟಿದ್ದರು. ಉಸ್ತಾದರು ಮಾತ್ರ ನಕ್ಕರು. “ಜನವರಿಯಲ್ಲಿ ವೇಪರ್ ಲಾಕಾ? ನಂಗೆ ಸ್ವೆಟರ್ ಹಾಕ್ಕಂಡ್ ಬರ್ಕಾಯ್ತ್!”

ಇಲ್ಲಿ ಉಸ್ತಾದರ ವಿದ್ಯೆ ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕು. ಅವರು ಕೆಲಸ ಕಲಿತದ್ದು ಮಂಗಳೂರಿನ ಬಸ್ ವರ್ಕ್‌ಶಾಪೊಂದರಲ್ಲಿ. ಅವರಿಗೆ ಕಲಿಸಿದವರು ಇದ್ದಿಲು ಬಸ್ಸಿನ ಕಾಲದವರು. ದಕ್ಷಿಣ ಕನ್ನಡದಲ್ಲಿ ಬಸ್ಸಿನ ಚರಿತ್ರೆ ಹಳೆಯದು. ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದರೆ ಜನರ ಬಾಯಲ್ಲಿ ಸಿ.ಪಿ.ಸಿ., 1914ರಷ್ಟು ಹಿಂದೆಯೇ ಶುರುವಾದದ್ದು. ಎರಡನೇ ಮಹಾಯುದ್ಧ ಬಂದು ಪೆಟ್ರೋಲಿಗೆ ರೇಷನ್ ಆದಾಗ ಬಸ್ಸುಗಳ ಹಿಂಭಾಗಕ್ಕೆ ಒಂದಾಳೆತ್ತರದ ಕೊಳಗದಂಥ ಒಲೆ ಅಂಟಿಕೊಂಡಿತು. ಒಲೆಗೆ ಇದ್ದಿಲು ತುಂಬಿ, ಗಾಳಿ ಸಾಕಾಗದಷ್ಟೇ ಬಿಟ್ಟು ಸುಟ್ಟರೆ ಹೊಗೆಗೆ ಬದಲು ಉರಿಯುವ ಅನಿಲ ಹುಟ್ಟುತ್ತದೆ, ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್. ಅದನ್ನು ತಣಿಸಿ, ಸೋಸಿ ಪೆಟ್ರೋಲಿನ ಬದಲು ಇಂಜಿನ್ನಿಗೆ ಕೊಡುತ್ತಿದ್ದರು. ಕಂಡಕ್ಟರನೋ ಕ್ಲೀನರನೋ ಹೊರಡುವ ಮೊದಲು ಕೈಯಿಂದ ಬ್ಲೋವರ್ ತಿರುಗಿಸಬೇಕು. ಶಕ್ತಿ ಮೂರರಲ್ಲೊಂದು ಪಾಲೋ ಅದಕ್ಕಿಂತ ಹೆಚ್ಚೋ ಕಡಿಮೆ. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದ ಕಥೆಯನ್ನು ಅಜ್ಜಂದಿರ ಬಾಯಿಂದ ಕೇಳಿರುತ್ತೀರಿ.

ಆ ಅನಿಲದಲ್ಲಿ ಬೂದಿಯಿತ್ತು, ಡಾಂಬರಿನಂಥ ಅಂಟಿತ್ತು. ಸೋಸುವ ಡಬ್ಬಿ ಕಟ್ಟಿಕೊಂಡರೆ ಬಸ್ಸು ನಿಲ್ಲುತ್ತಿತ್ತು. ಕಟ್ಟಿಕೊಳ್ಳದೆ ಬೂದಿ ಒಳಗೆ ಹೋದರೆ ಸಿಲಿಂಡರ್ ಸವೆದು ಇಂಜಿನ್ ಬಿಚ್ಚಬೇಕಾಗುತ್ತಿತ್ತು. ಹಾಗಾಗಿ ಆ ಕಾಲದವರಿಗೆ ಇಂಜಿನ್ ಕಟ್ಟುವುದೂ ಅಭ್ಯಾಸ, ಕಟ್ಟಿದ ಮೇಲೆ ಬರುವ ಅಪವಾದವೂ ಅಭ್ಯಾಸ. ಹೊಸದಾಗಿ ಕಟ್ಟಿದ ಇಂಜಿನ್ ನಿಂತರೆ ಮೊದಲು ಒಲೆ ನೋಡು, ಆಮೇಲೆ ಸೋಸುವ ಡಬ್ಬಿ, ಆಮೇಲೆ ಕೊಳವೆ, ಇಂಜಿನ್ ಕಟ್ಟಕಡೆಗೆ ಎಂದು ಕಲಿಸುತ್ತಿದ್ದರಂತೆ. ಅನಿಲ ಒಳ್ಳೆಯದಿದೆಯೋ ಎಂದು ತಿಳಿಯಲು ಇಂಜಿನ್ನಿಗೆ ಕೊಡುವ ಮೊದಲೇ ಒಂದು ಕೊಳವೆಯ ಬಾಯಲ್ಲಿ ಕಡ್ಡಿ ಗೀರಿ ಹಚ್ಚಿ ಉರಿ ನೋಡುವುದು. ಅಂದರೆ ಬರುವುದನ್ನು ದಾರಿಯಲ್ಲೇ ಅಳೆಯುವುದು.

ಈಗ ಸಮುದ್ರದ ಈಚೆ ದಡ ನೋಡಿ. 1935ರ ಮೇ ತಿಂಗಳಲ್ಲಿ ಶೇಖ್ ಅಬ್ದುಲ್ಲಾ ಬಿನ್ ಜಾಸಿಮ್ ಎಣ್ಣೆ ಹುಡುಕುವ ಹಕ್ಕನ್ನು ಆಂಗ್ಲೋ-ಪರ್ಷಿಯನ್ ಕಂಪನಿಗೆ ಬರೆದುಕೊಟ್ಟರು. 1938ರಲ್ಲಿ ದುಖಾನಿನಲ್ಲಿ ಕೊರೆತ ಶುರುವಾಗಿ, 1939–40ರ ಹೊತ್ತಿಗೆ ಎಣ್ಣೆ ಕಂಡಿತು. ಮುತ್ತಿನ ವ್ಯಾಪಾರ ಕುಸಿದು ಜನ ಊರು ಬಿಡುತ್ತಿದ್ದ ಕಾಲ. ಅಷ್ಟರಲ್ಲಿ ಯುದ್ಧ! ಶತ್ರುವಿನ ಕೈಗೆ ಸಿಗಬಾರದೆಂದು 1942ರಲ್ಲಿ ಬಾವಿಗಳನ್ನು ಮುಚ್ಚಿಬಿಟ್ಟರು. ಮಂಗಳೂರಿನಲ್ಲಿ ಕ್ಲೀನರ್ ಬ್ಲೋವರ್ ತಿರುಗಿಸುತ್ತಿದ್ದ ಅದೇ ವರ್ಷಗಳಲ್ಲಿ ದುಖಾನಿನ ಎಣ್ಣೆ ನೆಲದಡಿಯಲ್ಲಿ ಮುಚ್ಚಳ ಹಾಕಿಸಿಕೊಂಡು ಕೂತಿತ್ತು. ಮೊದಲ ಹಡಗು ಎಣ್ಣೆ ಉಮ್ ಸಯೀದ್‌ನಿಂದ, ಅಂದರೆ ಈಗಿನ ಮೆಸಯೀದ್‌ನಿಂದ, ಹೊರಟದ್ದು 1949ರ ಡಿಸೆಂಬರ್ 31ರಂದು. ಆಗ ದೋಹಾದ ಪೇಟೆಯಲ್ಲಿ ಓಡಾಡುತ್ತಿದ್ದದ್ದು ನಮ್ಮ ರೂಪಾಯಿಯೇ. 1966ರವರೆಗೂ ಇಲ್ಲಿಯ ವ್ಯವಹಾರ ರೂಪಾಯಿಯಲ್ಲೇ ನಡೆಯಿತು.

ಉಸ್ತಾದರ ಗುರುಗಳು ಇದ್ದಿಲಿನಿಂದ ಡೀಸೆಲ್ಲಿಗೆ ಬಂದರು. ಅಲ್ಲಿ ಬೆಂಗಳೂರಿನ ಪಾಲೂ ಇದೆ. ಜರ್ಮನಿಯ ರಾಬರ್ಟ್ ಬಾಷ್ ಕಂಪನಿ ಡೀಸೆಲ್ ಇಂಜೆಕ್ಷನ್ ಪಂಪನ್ನು 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಅದೇ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 1953ರಲ್ಲಿ ಆಡುಗೋಡಿಗೆ ಬಂದು ‘ಮೈಕೋ’ ಆಯಿತು. ಎಷ್ಟು ಕನ್ನಡದ ಮನೆಗಳಲ್ಲಿ ಮೈಕೋ ಸಂಬಳದಿಂದ ಮಕ್ಕಳು ಓದಿದರೋ! 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಮೈಕೋ ಲೇಔಟ್ ಮೈಕೋ ಲೇಔಟಾಗಿಯೇ ಉಳಿದಿದೆ. ಮೈಕೋ ಪಂಪಿನೊಳಗೆ ಒಂದು ಕೊಳವೆ, ಅದರಲ್ಲಿ ಆಡುವ ಒಂದು ದಂಡ; ಮೆಕ್ಯಾನಿಕ್‌ಗಳು ಆ ಜೋಡಿಗೆ ಎಲಿಮೆಂಟ್ ಅನ್ನುತ್ತಾರೆ. ಎರಡರ ನಡುವಿನ ಸಂದು ಎರಡು ಮೂರು ಮೈಕ್ರಾನ್. ಒಂದರ ದಂಡವನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಇಂಥ ಪಂಪಿಗೆ ಕಸ ವಿಷ, ಗಾಳಿ ಅದಕ್ಕಿಂತ ಕೆಟ್ಟದ್ದು. ಲಾರಿಯವರು ‘ಏರ್ ಹಿಡಿದಿದೆ’ ಅನ್ನುವುದು ಇದಕ್ಕೇ. ಇಂಜಿನ್ ಇಳಿಸಿ ಏರಿಸಿದಾಗ ಪೈಪುಗಳನ್ನೆಲ್ಲ ಬಿಚ್ಚಿರುತ್ತಾರೆ, ಎಲ್ಲೋ ಒಂದು ವಾಷರ್ ಸರಿಯಾಗಿ ಕೂತಿರುವುದಿಲ್ಲ. ಹೀರುವ ಕಡೆಯಾದ್ದರಿಂದ ಡೀಸೆಲ್ ಹೊರಗೆ ತೊಟ್ಟಿಕ್ಕುವುದೇ ಇಲ್ಲ, ಗಾಳಿ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಸೋರುತ್ತಿಲ್ಲವಲ್ಲ, ಸರಿಯಿದೆ ಎಂದು ಅಂದುಕೊಂಡವನು ಕೆಟ್ಟ.

ಇಷ್ಟನ್ನು ಕೈಯಲ್ಲಿಟ್ಟುಕೊಂಡವರು ನಮ್ಮ ಲ್ಯಾಂಡ್ ಕ್ರೂಸರಿನ ಮುಂದೆ ನಿಂತಿದ್ದರು. ಪಂಪನ್ನು ಇಂಜಿನ್ನಿಗೆ ಕೂರಿಸಿದ ಜಾಗದಲ್ಲಿ ಎಷ್ಟು ಗ್ಯಾಸ್ಕೆಟ್ ಹಾಕಿದ್ದೀ ಎಂದು ಹುಡುಗನನ್ನು ಕೇಳಿದರು. ದಪ್ಪ ಹೆಚ್ಚಾದರೆ ಸನ್ನೆಗೆ ಕ್ಯಾಮಿನ ಕುಟ್ಟು ಪೂರ್ತಿ ಸಿಗದೆ ಪೆಟ್ರೋಲ್ ಕಡಿಮೆಯಾಗುತ್ತದೆ. ಇಂಜಿನ್ ಕಟ್ಟುವವರು ಹೆಚ್ಚಾಗಿ ಎಡವುವುದು ಅಲ್ಲೇ. ಹುಡುಗ ಹಳೆಯದರಷ್ಟೇ ದಪ್ಪದ್ದು ಹಾಕಿದ್ದ. ಹಳೆಯದನ್ನು ಎಸೆಯದೆ ಇಟ್ಟುಕೊಂಡಿದ್ದ ಕೂಡ. ಉಸ್ತಾದರು ಎರಡನ್ನೂ ಬೆರಳ ಸಂದಿಯಲ್ಲಿ ಹಿಡಿದು ನೋಡಿ ತಲೆಯಾಡಿಸಿದರು.

ಆಮೇಲೆ ಕಾಯಿಲ್ ವಯರ್ ತೆಗೆಸಿ, ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಬಿಚ್ಚಿ, ಅದರ ಬಾಯಿಗೆ ನೀರಿನ ಖಾಲಿ ಬಾಟಲಿ ಹಿಡಿದು ಸ್ಟಾರ್ಟರ್ ತಿರುಗಿಸಲು ಹೇಳಿದರು. ಪೆಟ್ರೋಲ್ ಚಿಮ್ಮಿತು, ಒಂದೊಂದು ಹೊಡೆತಕ್ಕೂ ಗಟ್ಟಿಯಾಗಿ. ಮಾಲೀಕ ಗೆದ್ದವನ ಹಾಗೆ ಮುಖ ಮಾಡಿದ. “ತಡೀರಿ,” ಅಂದರು ಉಸ್ತಾದ್. ಬಾಟಲಿ ಬದಲಿಸಿ, ಬ್ಯಾಟರಿಗೆ ನಡುವೆ ವಿರಾಮ ಕೊಡುತ್ತ, ಮತ್ತೆ ಮತ್ತೆ ತಿರುಗಿಸಿದರು. ನಾಲ್ಕನೆಯ ಬಾಟಲಿಗೆ ಚಿಮ್ಮುವಿಕೆ ಸೊರಗಿತು, ಐದನೆಯದಕ್ಕೆ ಬರೀ ತೊಟ್ಟು. ಪಂಪು ಒಳ್ಳೆಯದೇ, ಅದಕ್ಕೆ ಹಿಂದಿನಿಂದ ಬರುತ್ತಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಇನ್ನೊಮ್ಮೆ ನೋಡಿದರು. ಮುಚ್ಚಳದ ಗಾಳಿರಂಧ್ರಕ್ಕೆ ಮರಳು ಕೂತರೆ ಟ್ಯಾಂಕಿನೊಳಗೇ ನಿರ್ವಾತವಾಗುವುದು ಇಲ್ಲಿ ಸಾಮಾನ್ಯ. ಮುಚ್ಚಳ ತೆಗೆದಾಗ ‘ಸ್ಸ್’ ಎಂಬ ಸದ್ದೂ ಇಲ್ಲ, ಪೆಟ್ರೋಲಿನ ಹರಿವೂ ಹೆಚ್ಚಲಿಲ್ಲ.

ಉಳಿದದ್ದು ಪಂಪಿನಿಂದ ಟ್ಯಾಂಕಿನವರೆಗಿನ ದಾರಿ. ಪಂಪಿನ ಹೀರುವ ಕಡೆಯ ಪೈಪ್ ಬಿಚ್ಚಿ, ಟ್ಯಾಂಕಿನ ಕಡೆಗೆ ಹಿಮ್ಮುಖವಾಗಿ ಮೆಲ್ಲಗೆ ಗಾಳಿ ಊದಿದರು. ಮೊದಲು ಏನೂ ಇಲ್ಲ. ಆಮೇಲೆ ಟ್ಯಾಂಕಿನೊಳಗೆ ಗುಳುಗುಳು ಸದ್ದು. ಮತ್ತೆ ಬಾಟಲಿ ಹಿಡಿದರೆ ಪೆಟ್ರೋಲ್ ಮೊದಲಿನಷ್ಟೇ ಗಟ್ಟಿಯಾಗಿ ಚಿಮ್ಮಿತು.

ಟ್ಯಾಂಕ್ ಇಳಿಸಿದಾಗ ರಾತ್ರಿ ಒಂಬತ್ತು. ಐದು ತಿಂಗಳು ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ತೇವ ಕೂತು, ಒಳಗೆಲ್ಲ ತುಕ್ಕಿನ ಹಕ್ಕಳೆ. ಜೊತೆಗೆ ಹಳೆಯ ಪೆಟ್ರೋಲ್ ಬಿಟ್ಟ ಅಂಟು. ಗಾಡಿ ಓಡುವಾಗ ಹಕ್ಕಳೆಗಳು ಎಳೆತಕ್ಕೆ ಬಂದು ಹೀರು ಕೊಳವೆಯ ಜಾಲರಿಗೆ ಮೆತ್ತಿಕೊಳ್ಳುತ್ತಿದ್ದವು. ನಿಂತು ಇಪ್ಪತ್ತು ನಿಮಿಷವಾದರೆ ಎಳೆತ ಸಡಿಲಿ ತಳಕ್ಕೆ ಬೀಳುತ್ತಿದ್ದವು. ಇಂಜಿನ್ ಕಟ್ಟುವಾಗ ಟ್ಯಾಂಕ್ ತೊಳೆಯುವುದು ಲೆಕ್ಕದಲ್ಲಿರಲಿಲ್ಲ, ಅದಕ್ಕೆ ಗೆಳೆಯರೂ ದುಡ್ಡು ಕೊಟ್ಟಿರಲಿಲ್ಲ.

ಇಂದಿನ ಗಾಡಿಗಳಲ್ಲಿ ಈ ಬಾಟಲಿ ಪರೀಕ್ಷೆಯನ್ನು ಹೀಗೆ ಮಾಡಲು ಹೋಗಬೇಡಿ. ಪಂಪು ಟ್ಯಾಂಕಿನೊಳಗೇ ಇರುತ್ತದೆ, ಒತ್ತಡ ಮೂರು ಬಾರ್‌ಗಳ ಆಸುಪಾಸು, ಪೈಪ್ ಬಿಚ್ಚಿದರೆ ಮುಖಕ್ಕೇ ಹಾರುತ್ತದೆ. ಗೇಜ್ ಹಾಕಿ ಅಳೆಯುವುದು ಸರಿಯಾದ ಕ್ರಮ. 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರಿಗೆ ಬಾಷ್‌ನ ಇಲೆಕ್ಟ್ರಾನಿಕ್ ಇಂಜೆಕ್ಷನ್ ಬಂದಲ್ಲಿಂದ ಕಾರ್ಬ್ಯುರೇಟರಿನ ಕಾಲ ಇಳಿಯತೊಡಗಿತು. ಅಮೆರಿಕದಲ್ಲಿ 1996ರಿಂದ ಎಲ್ಲ ಕಾರಿಗೂ ಸ್ಕ್ಯಾನರ್ ಚುಚ್ಚುವ ಒಂದೇ ಬಗೆಯ ಸಾಕೆಟ್ ಕಡ್ಡಾಯವಾಯಿತು. ಈಗ ಸ್ಕ್ಯಾನರ್ ‘ಪಿ0171’ ಎಂದು ತೋರಿಸುತ್ತದೆ. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚು ಎಂದು ಅರ್ಥ. ಆದರೆ ಜಾಲರಿ ಕಟ್ಟಿಕೊಂಡಿದೆಯೋ, ಪಂಪು ಸೋತಿದೆಯೋ, ಇಂಜಿನ್ ಕಟ್ಟುವಾಗ ಒಂದು ರಬ್ಬರ್ ಪೈಪ್ ಹಾಕಲು ಮರೆತು ಗಾಳಿ ಒಳಗೆ ಹೋಗುತ್ತಿದೆಯೋ, ಅದನ್ನು ಆ ಡಬ್ಬಿ ಹೇಳುವುದಿಲ್ಲ. ಆ ಅಂಕಿ ನೋಡಿ ಒಳ್ಳೆಯ ಸೆನ್ಸರುಗಳನ್ನು ಒಂದೊಂದಾಗಿ ಬದಲಿಸಿ ಬಿಲ್ ಮಾಡುವವರನ್ನು ನಾನೂ ಕಂಡಿದ್ದೇನೆ, ನೀವೂ ಕಂಡಿರುತ್ತೀರಿ.

ಉಸ್ತಾದರು ಕೆಲವು ವರ್ಷಗಳ ನಂತರ ಊರಿಗೆ ಮರಳಿದರು. ಆ ರಾತ್ರಿ ಅವರು ಕೂಲಿ ತೆಗೆದುಕೊಳ್ಳಲಿಲ್ಲ, ಚಹಾ ಕುಡಿದರು. ಹುಡುಗನ ಸಂಬಳದಲ್ಲಿ ಹಿಡಿಯುವ ಮಾತನ್ನು ಮಾಲೀಕ ಮತ್ತೆ ಎತ್ತಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಹುಡುಗ ಟ್ಯಾಂಕಿನಿಂದ ಬಂದ ತುಕ್ಕನ್ನೆಲ್ಲ ಬಸಿದು, ಒಣಗಿಸಿ, ಒಂದು ಹಾರ್ಲಿಕ್ಸ್ ಬಾಟಲಿಗೆ ತುಂಬಿದ. ಮುಂದಿನ ಶುಕ್ರವಾರ ನಾವು ದುಖಾನಿಗೆ ಹೋಗುವ ದಾರಿಯಲ್ಲಿ ಗಾಡಿ ತೋರಿಸಲು ಗ್ಯಾರೇಜಿಗೆ ಹೋದಾಗ, ಆ ಬಾಟಲಿ ಅವನ ಟೂಲ್‌ಬಾಕ್ಸಿನ ಪಕ್ಕದ ಕಿಟಕಿಯಲ್ಲಿ, ಒಳಗೆ ಬಂದವರಿಗೆಲ್ಲ ಕಾಣುವ ಹಾಗೆ ಕೂತಿತ್ತು.